ದಾರಿಬದಿಯ ಕಲ್ಲಿನ ಮೇಲೆ ಏನು ಬರೆಯಬೇಕು?

1

ಗಳಗನಾಥದಲ್ಲಿ ವರದೆ ಬಂದು ತುಂಗಭದ್ರೆಯನ್ನು ಕೂಡುತ್ತಾಳೆ. ಕೂಡುವ ಜಾಗದಲ್ಲಿ ಗಳಗೇಶ್ವರನ ಗುಡಿ. ಹನ್ನೊಂದನೆಯ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಗರ್ಭಗುಡಿಯ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಆಸರೆ ಕಟ್ಟಿದ್ದಾರೆ. ದೂರದಿಂದ ನೋಡಿದರೆ ಗುಡಿ ಒಂದು ಸಣ್ಣ ದಿಬ್ಬದ ಮೇಲೆ ಕೂತಂತೆ ಕಾಣುತ್ತದೆ. ಆ ಕಾಲದ ಶಾಸನಗಳು ದಾನ ಕೊಟ್ಟವರ ಹೆಸರು ಹೇಳುತ್ತವೆ, ದಾನ ಹಿಡಿದವರ ಹೆಸರು ಹೇಳುತ್ತವೆ. ಕಲ್ಲು ಎಳೆದವರ ಹೆಸರು ಹೇಳುವುದಿಲ್ಲ. ಇದು ನಮಗೆ ಹೊಸ ಸುದ್ದಿಯಲ್ಲ.

ಇದೇ ಊರಿನಲ್ಲಿ 1869ರಲ್ಲಿ ವೆಂಕಟೇಶ ತಿರಕೋ ಕುಲಕರ್ಣಿ ಹುಟ್ಟಿದರು. ಊರಿನ ಹೆಸರನ್ನೇ ಇಟ್ಟುಕೊಂಡು ‘ಗಳಗನಾಥ’ರಾದರು. ಕನ್ನಡಿಗರಿಗೆ ಐತಿಹಾಸಿಕ ಕಾದಂಬರಿಯ ರುಚಿ ಹತ್ತಿಸಿದವರು. ತಾವು ಬರೆದ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. 1942ರಲ್ಲಿ ತೀರಿಕೊಂಡರು. ಅವರ ಪುಸ್ತಕದ ತುಂಬ ಅರಸರು, ಮಂತ್ರಿಗಳು, ದಂಡು. ಆದರೆ ಆ ಪುಸ್ತಕ ಹೊತ್ತು ಅವರು ನಡೆದ ದಾರಿಯ ತುಂಬ ಬೇರೆ ಹೊರೆ ಹೊತ್ತವರು. ಹುಲ್ಲು ಹೊತ್ತವರು, ಕಟ್ಟಿಗೆ ಹೊತ್ತವರು, ಬಗಲಲ್ಲಿ ಕೂಸು ಕಟ್ಟಿಕೊಂಡು ಕೂಲಿಗೆ ಹೊರಟವರು. ಅರಮನೆಯ ಚರಿತ್ರೆ ಬರೆಯಲು ನಮ್ಮಲ್ಲಿ ಬೇಕಾದಷ್ಟು ಜನ ಹುಟ್ಟಿದ್ದಾರೆ. ದಾರಿಯ ಚರಿತ್ರೆ ಬರೆದವರು ಕಡಿಮೆ.

ಈ ಬರಹ ಆ ದಾರಿಯಲ್ಲಿ ಸತ್ತವರ ಬಗ್ಗೆ. ಅವರಿಗಾಗಿ ದಾರಿಯ ಬದಿ ನೆಟ್ಟ ಕಲ್ಲುಗಳ ಬಗ್ಗೆ. ಆ ಕಲ್ಲು ಇರಲಿ ಅನ್ನುವವರಿಗೂ ಕಿತ್ತು ಹಾಕಿರಿ ಅನ್ನುವವರಿಗೂ ನಡೆಯುತ್ತಿರುವ ಜಗಳದ ಬಗ್ಗೆ.

2

ನೀವೂ ಕಂಡಿದ್ದೀರಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಯಾವ ಕಡೆ ಹೋದರೂ ರಸ್ತೆಯ ಅಂಚಿನಲ್ಲಿ, ತಿರುವಿನಲ್ಲಿ, ಸೇತುವೆಯ ಬುಡದಲ್ಲಿ ಒಂದು ಗೇಣೆತ್ತರದ ಕಲ್ಲೋ ಸಿಮೆಂಟಿನ ಕಟ್ಟೆಯೋ ಕಣ್ಣಿಗೆ ಬೀಳುತ್ತದೆ. ಮೇಲೊಂದು ಫೋಟೋ, ಜನನ, ಮರಣ. ಅಮಾವಾಸ್ಯೆಗೆ ಒಡೆದ ಕಾಯಿ, ಒಣಗಿದ ಚೆಂಡುಹೂವಿನ ಮಾಲೆ. ಕೆಲವು ಕಡೆ ಫೋಟೋ ಮಳೆಗೆ ತೊಳೆದು ಹೋಗಿ ಬರೀ ಚೌಕಟ್ಟು ಉಳಿದಿರುತ್ತದೆ.

ದಾರಿಯಲ್ಲಿ ಸತ್ತವನಿಗೆ ಕಲ್ಲು ನೆಡುವುದು ಈ ನೆಲಕ್ಕೆ ಹೊಸದಲ್ಲ. ಸಾವಿರ ವರ್ಷದ ಹಿಂದೆಯೇ ನಮ್ಮವರು ಕಲ್ಲು ನೆಟ್ಟರು, ಅದನ್ನು ವೀರಗಲ್ಲು ಅಂದರು. ತುರು ಹೊಡೆದುಕೊಂಡು ಹೋಗುತ್ತಿದ್ದ ಕಳ್ಳರನ್ನು ಅಡ್ಡಗಟ್ಟಿ ಸತ್ತವನಿಗೆ ಕಲ್ಲು. ಊರು ಸುಡಲು ಬಂದವರ ಎದುರು ನಿಂತು ಸತ್ತವನಿಗೆ ಕಲ್ಲು. ಹೆಣ್ಣುಮಕ್ಕಳ ಮಾನಕ್ಕಾಗಿ ಹೋರಾಡಿ ಸತ್ತವನಿಗೆ ಕಲ್ಲು. ಹಾನಗಲ್ಲಿನ ಕಡೆಯ ವೀರಗಲ್ಲುಗಳನ್ನು ನೋಡಿದವರಿಗೆ ಅದರ ಕ್ರಮ ಗೊತ್ತು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನ ಪಟ್ಟಿಯಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು. ಮೇಲಿನ ಪಟ್ಟಿಯಲ್ಲಿ ಕೈಲಾಸ, ಲಿಂಗದ ಮುಂದೆ ಕೂತ ವೀರ. ಸೂರ್ಯ ಚಂದ್ರರು ಸಾಕ್ಷಿ.

ಚಿತ್ರವನ್ನು ಬಿಡಿ, ಅಕ್ಷರವನ್ನು ನೋಡೋಣ. ಬರಹವಿರುವ ವೀರಗಲ್ಲು ಸಾಮಾನ್ಯವಾಗಿ ನಾಲ್ಕು ಮಾತು ಹೇಳುತ್ತದೆ. ಯಾರ ಆಳ್ವಿಕೆಯ ಕಾಲ, ಸತ್ತವನು ಯಾರು, ಯಾಕೆ ಸತ್ತ, ಅವನ ಮನೆಗೆ ಏನು ಕೊಟ್ಟರು. ಈ ಕೊನೆಯದಕ್ಕೆ ಬಾಳ್ಗಚ್ಚು, ನೆತ್ತರುಗೊಡಗೆ, ಕಲ್ನಾಡು ಎಂದೆಲ್ಲ ಹೆಸರಿದ್ದವು. ನೆತ್ತರು ಸುರಿಸಿದವನ ಮನೆಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ಅಂದರೆ ವೀರಗಲ್ಲು ಬರೀ ಅಳುವ ಕಲ್ಲಲ್ಲ, ದಸ್ತೈವಜು. ಇಂಥವನು ಇಂಥ ಕಾರಣಕ್ಕೆ ಸತ್ತ, ಅದಕ್ಕೆ ಇಂಥವರು ಹೊಣೆ ಹೊತ್ತು ಇಷ್ಟು ಕೊಟ್ಟರು ಎಂದು ಊರ ನಡುವೆ ನಿಂತು ಸಾಕ್ಷಿ ಹೇಳುವ ಪತ್ರ.

ಒಂದು ಉದಾಹರಣೆ ಕೊಟ್ಟರೆ ಸಾಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 949-50ರ ಒಂದು ಕಲ್ಲು ಸಿಕ್ಕಿದೆ. ಅದರಲ್ಲಿ ಒಂದು ನಾಯಿಯ ಕತೆಯಿದೆ. ಗಂಗರ ಬೂತುಗನ ಕಡೆಯ ವೀರ ಮಣಲೆರ ತನಗೆ ಬೇರೆ ಏನೂ ಬೇಡ, ಕಾಳಿ ಎಂಬ ನಾಯಿಯನ್ನು ಕೊಡಿ ಎಂದು ಕೇಳಿ ಪಡೆದ. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು. ಎರಡೂ ಸತ್ತವು. ನಾಯಿಗೆ ಕಲ್ಲು ನಿಂತಿತು, ಕಲ್ಲಿಗೆ ಭೂಮಿ ಸಂದಿತು, ಕಲ್ಲಿನ ಪೂಜೆ ತಪ್ಪಿಸಿ ಉಣ್ಣುವವನಿಗೆ ಪಾಪ ತಟ್ಟಲಿ ಎಂದು ಬರೆಸಲಾಯಿತು.

ನಾಯಿಗೆ ಕಲ್ಲು ನಿಲ್ಲಿಸಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ನಿಯತ್ತಿನ ಪ್ರಾಣಿ, ನಿಲ್ಲಿಸಲಿ. ನನಗಿರುವುದು ಒಂದೇ ಪ್ರಶ್ನೆ. ಅದೇ ಕಾಲದಲ್ಲಿ ಅರಸನ ದಂಡಿಗೆ ಮೂಟೆ ಹೊತ್ತು ಬಿಸಿಲಿಗೆ ಬಿದ್ದು ಸತ್ತವನ ಹೆಸರೇನು? ಕೆರೆಯ ಏರಿ ಹಾಕುವಾಗ ಮಣ್ಣು ಕುಸಿದು ಸತ್ತವಳ ಹೆಸರೇನು? ಕಾಳಿಯ ಹೆಸರು ನಮಗೆ ಗೊತ್ತು.

3

ಈಗ ಹೆದ್ದಾರಿಗೆ ಬರೋಣ. ಹಿಂದೆ ಎನ್.ಎಚ್. 4 ಅನ್ನುತ್ತಿದ್ದ, ಈಗ 48 ಎಂದು ನಂಬರು ಬದಲಾದ ಪುಣೆ-ಬೆಂಗಳೂರು ರಸ್ತೆ ನಮ್ಮ ಜಿಲ್ಲೆಯನ್ನು ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು ಅದರ ಮೇಲಿವೆ. ಈ ಕಡೆ ಮನೆ, ಆ ಕಡೆ ಹೊಲ. ಮೊದಲು ಎತ್ತು ಹೊಡೆದುಕೊಂಡು ದಾಟುತ್ತಿದ್ದ ದಾರಿಯನ್ನು ನಾಲ್ಕು ಪಥ ಆದ ಮೇಲೆ ಜೀವ ಕೈಯಲ್ಲಿ ಹಿಡಿದು ದಾಟಬೇಕು.

2024ರ ಜೂನ್ 28ರ ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನ ಹತ್ತಿರ ಇದೇ ರಸ್ತೆಯ ಬದಿ ಒಂದು ಲಾರಿ ನಿಂತಿತ್ತು. ಹಿಂದಿನಿಂದ ಬಂದ ಟೆಂಪೋ ಟ್ರಾವೆಲರ್ ಅದಕ್ಕೆ ಬಡಿಯಿತು. 13 ಜನ ಸತ್ತರು. ಭದ್ರಾವತಿ ತಾಲ್ಲೂಕಿನ ಎಮ್ಮೇಹಟ್ಟಿಯವರು. ಸವದತ್ತಿ ಎಲ್ಲಮ್ಮನಿಗೆ ಹೋಗಿ ಊರಿಗೆ ಮರಳುತ್ತಿದ್ದರು. ಮಕ್ಕಳಿದ್ದರು, ಹೆಂಗಸರಿದ್ದರು. ಅವರು ತುರು ಬಿಡಿಸಲು ಹೋಗಿ ಸತ್ತವರಲ್ಲ, ಊರು ಕಾಯಲು ಹೋಗಿ ಸತ್ತವರಲ್ಲ. ದೇವರಿಗೆ ನಡೆದುಕೊಂಡು ಮನೆ ಸೇರಬೇಕು ಎಂದು ಹೊರಟಿದ್ದವರು. ಹಳೆಯ ವೀರಗಲ್ಲಿನ ಲೆಕ್ಕದಲ್ಲಿ ಇವರಿಗೆ ಕಲ್ಲಿಲ್ಲ.

ಇದು ಪೇಪರಿನ ಮೊದಲ ಪುಟಕ್ಕೆ ಬಂದ ಸಾವು. ಬಾರದ ಸಾವುಗಳ ಲೆಕ್ಕ ನೋಡಿ. ಕೇಂದ್ರ ಸರ್ಕಾರದ ಸಾರಿಗೆ ಇಲಾಖೆಯೇ ಕೊಟ್ಟ ಅಂಕಿ ಇದು. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಬೈಕು, ಸ್ಕೂಟರಿನ ಮೇಲಿದ್ದವರು 74,897. ನಡೆದುಕೊಂಡು ಹೋಗುತ್ತಿದ್ದವರು 32,825. ಎರಡನ್ನೂ ಕೂಡಿಸಿದರೆ ನೂರಕ್ಕೆ ಅರವತ್ತು ದಾಟುತ್ತದೆ. ಕಾರಿನ ಗಾಜು ಏರಿಸಿಕೊಂಡು ಹೋಗುವವರ ದೇಶದಲ್ಲಿ ಮೈ ಬಯಲಿಗಿಟ್ಟು ಹೋಗುವವರೇ ಹೆಚ್ಚು ಸಾಯುತ್ತಾರೆ. ಮೆಣಸಿನಕಾಯಿ ಬಿಡಿಸಲು ಗೂಡ್ಸ್ ಗಾಡಿಯಲ್ಲಿ ಕುರಿ ತುಂಬಿದಂತೆ ತುಂಬಿಕೊಂಡು ಹೋಗುವ ಹೆಂಗಸರು ಯಾವ ಕೇರಿಯವರು, ರಾತ್ರಿ ಲೈಟಿಲ್ಲದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಲಗಿ ಬರುವ ಕಬ್ಬಿನ ಗ್ಯಾಂಗಿನವರು ಯಾವ ಕೇರಿಯವರು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

4

ಕಲ್ಲಿನ ಬಗ್ಗೆ ಜನ ಏನನ್ನುತ್ತಾರೆ? ನಾನು ಕೇಳಿದ ಮಾತುಗಳನ್ನು ಇದ್ದಂಗೆ ಇಡುತ್ತೇನೆ.

ಮಗನನ್ನು ಕಳಕೊಂಡ ಒಬ್ಬ ತಾಯಿ ಅಂದಳು: “ಅಂವಾ ಬಿದ್ದ ಜಾಗಾ ನನಗ ಗೊತ್ತೈತ್ರೀ. ದಿನಾ ಅದರ ಮ್ಯಾಲೇ ಲಾರಿ ಹೊಕ್ಕಾವು. ಬಸ್ಸಿನ್ಯಾಗ ಹೋಗೋವಾಗ ಕಣ್ಣು ಮುಚ್ಚಿಕೊಂತೀನಿ. ಒಂದು ಕಲ್ಲರ ಇಟ್ರ ಇಲ್ಲೊಬ್ಬಾಂವ ಇದ್ದ ಅಂತ ಗೊತ್ತಾಗ್ತದಲ್ರೀ.” ಇದಕ್ಕೆ ಎದುರು ಹೇಳುವ ಮಾತು ನನ್ನ ಹತ್ತಿರ ಇರಲಿಲ್ಲ.

ಲಾರಿ ಡ್ರೈವರುಗಳಲ್ಲಿ ಎರಡು ಪಂಗಡ. ಒಬ್ಬ ಅಂದ: “ಕಲ್ಲು ಕಂಡಕೂಡ್ಲೆ ಕಾಲು ತಾನ ಬ್ರೇಕಿನ ಮ್ಯಾಲ ಹೋಗ್ತದ. ಸರ್ಕಾರದ ಬೋರ್ಡಿಗಿಂತ ಇದು ಚಲೋ.” ಇನ್ನೊಬ್ಬ ಅಂದ: “ನಡುರಾತ್ರಿ ಹೆಡ್‌ಲೈಟಿನ ಬೆಳಕಿನ್ಯಾಗ ಸತ್ತವನ ಮಾರಿ ಕಂಡ್ರ ಎದಿ ಝಲ್ ಅಂತದ. ಆ ಗಾಬರಿಗೇ ಕೈ ತಪ್ಪತದ.” ಇಬ್ಬರೂ ಆ ಜಾಗ ಬಂದಾಗ ಲಿಂಬೆಹಣ್ಣು ಒಗೆಯುವವರೇ.

ರಸ್ತೆ ಕೆಲಸದ ಒಬ್ಬ ಎಂಜಿನಿಯರರ ಮಾತು ಬೇರೆ: “ನಮಗೇನು ಸತ್ತವರ ಮೇಲೆ ಸಿಟ್ಟಾ? ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕು. ಸಿಮೆಂಟ್ ಕಟ್ಟೆಗೆ ನಾಳೆ ಒಂದು ಬೈಕ್ ಬಡಿದ್ರೆ ಮತ್ತೊಂದು ಹೆಣ, ಮತ್ತೊಂದು ಕಟ್ಟೆ.” ಈ ಮಾತನ್ನು ಅಧಿಕಾರಿಯ ಮಾತು ಎಂದು ತಳ್ಳಿಹಾಕುವಂತಿಲ್ಲ. ಅದರಲ್ಲಿ ನಿಜವಿದೆ.

ದೆವ್ವ-ದೇವರ ವಿರುದ್ಧ ಊರೂರಲ್ಲಿ ಭಾಷಣ ಮಾಡುವ ನಮ್ಮ ಗೆಳೆಯರೊಬ್ಬರು ತಲೆ ಕೊಡವಿದರು: “ಇವತ್ತು ಕಲ್ಲು, ನಾಳೆ ಕುಂಕುಮ, ನಾಡಿದ್ದು ಹುಂಡಿ, ಆಚೆ ನಾಡಿದ್ದು ಪೂಜಾರಿ. ಜನರನ್ನು ಒಂದು ಗುಡಿಯಿಂದ ಬಿಡಿಸಿ ಇನ್ನೊಂದು ಗುಡಿಗೆ ಕಟ್ಟುತ್ತೀರಿ.” ಸಂಘಟನೆಯ ಇನ್ನೊಬ್ಬ ಹುಡುಗ ಕೇಳಿದ: “ಹೋರಾಟದಲ್ಲಿ ಸತ್ತವರಿಗೇ ನಾವು ನೆಟ್ಟಗೆ ಒಂದು ಸ್ಮಾರಕ ಮಾಡಿಲ್ಲ. ಅಪಘಾತದಲ್ಲಿ ಸತ್ತವರಿಗೆ ಎಂಥಾ ಹುತಾತ್ಮ ಪಟ್ಟ?”

ಇನ್ನೊಂದು ಮಾತಿದೆ. ಅದನ್ನು ಎದುರಿಗೆ ನಿಂತು ಯಾರೂ ಹೇಳುವುದಿಲ್ಲ. ಕಲ್ಲು ಯಾರ ಹೊಲದ ಮುಂದೆ ಬರುತ್ತದೆ, ಸತ್ತವನು ಯಾವ ಜಾತಿಯವನು ಎಂಬ ಮಾತು. ಗೌಡರ ಮಗ ಬಿದ್ದ ಜಾಗದಲ್ಲಿ ಮಾರ್ಬಲ್ಲಿನ ಕಟ್ಟೆ ಬಂದರೆ ಊರಿಗೆಲ್ಲ ಕನಿಕರ. ಕೇರಿಯ ಹುಡುಗನಿಗೆ ಒಂದು ಸೈಜುಗಲ್ಲು ನೆಟ್ಟರೆ “ನಮ್ಮ ಹೊಲದ ಬದುವಿಗೆ ಬ್ಯಾಡ, ಪೀಡಾ ಆಗತೈತಿ.” ಸತ್ತ ಮೇಲೆ ಎಲ್ಲರೂ ಒಂದೇ ಎಂದು ಪುರಾಣ ಹೇಳುವವರು ಹೇಳಲಿ. ನಮ್ಮ ಎಷ್ಟೋ ಊರುಗಳಲ್ಲಿ ಸುಡುಗಾಡೂ ಬೇರೆ, ಅದಕ್ಕೆ ಹೋಗುವ ದಾರಿಯೂ ಬೇರೆ.

5

ಕಾನೂನು ಏನನ್ನುತ್ತದೆ? ಹೆದ್ದಾರಿಯ ಜಾಗ ಸರ್ಕಾರದ್ದು. ಅಲ್ಲಿ ಅಪ್ಪಣೆಯಿಲ್ಲದೆ ಏನನ್ನು ಕಟ್ಟಿದರೂ ಒತ್ತುವರಿ. ಅದನ್ನು ತೆಗೆಸುವ ಅಧಿಕಾರ ಹೆದ್ದಾರಿ ಆಡಳಿತಕ್ಕೆ 2002ರ ಕಾಯ್ದೆಯಲ್ಲಿದೆ. ಸಾರ್ವಜನಿಕ ರಸ್ತೆ, ಉದ್ಯಾನಗಳಲ್ಲಿ ಗುಡಿ, ಮಸೀದಿ, ಚರ್ಚು ಏನನ್ನೂ ಹೊಸದಾಗಿ ಕಟ್ಟಬಾರದು ಎಂದು ಸುಪ್ರೀಂ ಕೋರ್ಟು 2009ರ ಸೆಪ್ಟೆಂಬರ್ 29ರಂದು ಆದೇಶ ಮಾಡಿತು. 2013ರ ಜನವರಿ 18ರಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಸ್ತೆಯಲ್ಲಿ, ಪಾದಚಾರಿ ದಾರಿಯಲ್ಲಿ ಪ್ರತಿಮೆ ನಿಲ್ಲಿಸಲೂ ಅಪ್ಪಣೆ ಕೊಡಬೇಡಿ ಎಂದು ಹೇಳಿತು.

ಕಾನೂನು ಎಲ್ಲರಿಗೂ ಒಂದೇ ಎಂದು ನಂಬಿ ಸುಮ್ಮನಿರಬಹುದಿತ್ತು. ಆದರೆ 2021ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯಲ್ಲಿ ರಸ್ತೆ ಬದಿಯ ಒಂದು ಗುಡಿಯನ್ನು ಕೆಡವಿದಾಗ ನಾಡಿನಲ್ಲಿ ಗದ್ದಲವೆದ್ದಿತು. ಅದೇ ತಿಂಗಳು ವಿಧಾನಮಂಡಲದಲ್ಲಿ ಮಸೂದೆ ಬಂತು, ಪಾಸಾಯಿತು. ಸಾರ್ವಜನಿಕ ಜಾಗದಲ್ಲಿ ಅಲ್ಲಿಯ ತನಕ ಎದ್ದು ನಿಂತಿದ್ದ ಧಾರ್ಮಿಕ ಕಟ್ಟಡಗಳಿಗೆ ರಕ್ಷಣೆ ಸಿಕ್ಕಿತು. ಗದ್ದಲ ಮಾಡಬಲ್ಲವರ ಕಲ್ಲಿಗೆ ಕಾಯ್ದೆಯೇ ಕಾವಲು. ಗದ್ದಲ ಮಾಡಲು ಬಾರದ ತಾಯಿಯ ಕಲ್ಲಿಗೆ ಜೆಸಿಬಿ. ಎಂಜಿನಿಯರರ ಮಾತು ನಿಜವೇ ಆದರೂ ಅದು ಯಾರ ಮೇಲೆ ಬೀಳುತ್ತದೆ ಎಂಬುದನ್ನು ನಾವು ನೋಡಬೇಕು.

ಇನ್ನೂ ಒಂದು ವಿಷಯ. ಸರ್ಕಾರವೂ ದಾರಿಬದಿ ಸತ್ತವರ ಲೆಕ್ಕದ ಕಲ್ಲು ನೆಡುತ್ತದೆ. ‘ಅಪಘಾತ ವಲಯ, ನಿಧಾನವಾಗಿ ಚಲಿಸಿ’ ಎಂಬ ಬೋರ್ಡು ನೋಡಿದ್ದೀರಲ್ಲ? ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ಜಾಗವನ್ನು ಬ್ಲ್ಯಾಕ್ ಸ್ಪಾಟ್ ಎಂದು ಕರೆಯಲು ಒಂದು ಅಳತೆ ಇಟ್ಟಿದ್ದಾರೆ. ಸುಮಾರು 500 ಮೀಟರಿನೊಳಗೆ, ಮೂರು ವರ್ಷದಲ್ಲಿ, ಸಾವು ಅಥವಾ ದೊಡ್ಡ ಗಾಯವಾದ ಐದು ಅಪಘಾತ ಆಗಿರಬೇಕು. ಇಲ್ಲವೆ ಹತ್ತು ಜನ ಸತ್ತಿರಬೇಕು. ಅಂದರೆ ಆ ತಿರುವು ಕೆಟ್ಟದ್ದು ಎಂದು ಸರ್ಕಾರಕ್ಕೆ ತಿಳಿಸಲು ನಾವು ಹೆಣಗಳ ಅರ್ಜಿ ಕೊಡಬೇಕು. ಅರ್ಜಿ ಸ್ವೀಕಾರವಾದ ಮೇಲೆ ಬರುವ ಬೋರ್ಡಿನಲ್ಲಿ ಒಂದು ಹೆಸರೂ ಇರುವುದಿಲ್ಲ. ಸತ್ತವರು ಅಲ್ಲಿ ಎಣಿಕೆ ಮಾತ್ರ.

ಗುದ್ದಿ ಓಡಿಹೋದ ಗಾಡಿ ಯಾವುದೆಂದು ಗೊತ್ತಾಗದಿದ್ದರೆ ಸತ್ತವನ ಮನೆಗೆ ಕೊಡುತ್ತಿದ್ದದ್ದು ಬಹಳ ವರ್ಷ ಬರೀ 25,000 ರೂಪಾಯಿ. 2022ರ ಏಪ್ರಿಲ್ 1ರಿಂದ ಅದು ಎರಡು ಲಕ್ಷವಾಗಿದೆ. ಇದು ನಮ್ಮ ಕಾಲದ ನೆತ್ತರುಗೊಡಗೆ. ಆದರೆ ಹಳೆಯ ನೆತ್ತರುಗೊಡಗೆ ಕಲ್ಲಿನ ಮೇಲೆ ಊರ ಮುಂದೆ ಇರುತ್ತಿತ್ತು. ಇದು ಫೈಲಿನೊಳಗೆ ಇರುತ್ತದೆ. ಹೀಗೊಂದು ಪರಿಹಾರ ಇದೆ ಎಂಬುದು ಕೇರಿಯ ಎಷ್ಟು ಮನೆಗೆ ಗೊತ್ತಿದೆ? ಕೇಳಿ ನೋಡಿ.

6

ಬೇರೆಯವರು ಏನು ಮಾಡಿದ್ದಾರೆ ನೋಡೋಣ.

ತಮಿಳು ನೆಲದ ಹಳೆಯ ದಾರಿಗಳಲ್ಲಿ ‘ಸುಮೈತಾಂಗಿ’ ಎಂಬ ಕಲ್ಲುಗಳಿವೆ. ಎರಡು ಕಲ್ಲು ನಿಲ್ಲಿಸಿ ಮೇಲೊಂದು ಅಡ್ಡಗಲ್ಲು. ಎದೆಯೆತ್ತರ. ಬಸುರಿಯಾಗಿ, ಹೆರಿಗೆಯಾಗದೆ ಸತ್ತ ಹೆಣ್ಣಿನ ನೆನಪಿಗೆ ಇದನ್ನು ನೆಡುತ್ತಿದ್ದರು. ಅವಳು ಇಳಿಸಲಾಗದ ಹೊರೆಯನ್ನು ದಾರಿಹೋಕರಾದರೂ ಇಳಿಸಿ ಸುಧಾರಿಸಿಕೊಳ್ಳಲಿ ಎಂದು. ತಲೆಹೊರೆಯವನು ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಬಹುದು, ಮತ್ತೆ ಎತ್ತಿಕೊಳ್ಳಬಹುದು. ಸತ್ತವಳ ನೆನಪು ಬದುಕಿದವರ ಬೆನ್ನಿಗೆ ಆಸರೆಯಾಯಿತು. ಇದಕ್ಕಿಂತ ಒಳ್ಳೆಯ ಸ್ಮಾರಕವನ್ನು ನಾನು ಕೇಳಿಲ್ಲ.

ಅಮೆರಿಕದ ಸೇಂಟ್ ಲೂಯಿ ಎಂಬ ಊರಿನಲ್ಲಿ 2003ರಲ್ಲಿ ಒಬ್ಬ ಸೈಕಲ್ ಸವಾರನಿಗೆ ಕಾರು ಬಡಿದ ಜಾಗದಲ್ಲಿ ಹಳೆಯ ಸೈಕಲ್ಲಿಗೆ ಬಿಳಿ ಬಣ್ಣ ಬಳಿದು ನಿಲ್ಲಿಸಿದರು. ಅದು ಊರಿಂದೂರಿಗೆ, ದೇಶದಿಂದ ದೇಶಕ್ಕೆ ಹಬ್ಬಿತು. ಅಲ್ಲಿಯೂ ಇದೇ ಜಗಳ: ಕೆಲವು ಊರಾಡಳಿತಗಳು ಇರಲಿ ಅಂದವು, ಕೆಲವು ಕಿತ್ತು ಹಾಕಿದವು. ಆದರೆ ಬಿಳಿ ಸೈಕಲ್ಲು ಅಳುವುದರ ಜೊತೆಗೆ ಇಲ್ಲಿ ಸೈಕಲ್ಲಿಗೆ ದಾರಿ ಎಲ್ಲಿ ಎಂದು ಕೇಳುತ್ತದೆ.

ಮಹಾರಾಷ್ಟ್ರದ ಕೋರೆಗಾಂವದ ಕಂಬ ನಿಮಗೆ ಗೊತ್ತು. 1818ರ ಜನವರಿ 1ರ ಕಾಳಗದ ನೆನಪಿಗೆ ಕಂಪನಿ ಸರ್ಕಾರ ತನ್ನ ಗೆಲುವಿಗಾಗಿ ಅದನ್ನು ನಿಲ್ಲಿಸಿತು. ಅದರ ಮೇಲಿನ ಹೆಸರುಗಳಲ್ಲಿ 22 ಮಹಾರರವು. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋದ ಮೇಲೆ ಆ ಕಲ್ಲಿನ ಅರ್ಥವೇ ಬೇರೆಯಾಯಿತು. ಕಲ್ಲು ನೆಟ್ಟವನ ಅರ್ಥ ಒಂದು. ಅದರ ಮುಂದೆ ಬಂದು ನಿಲ್ಲುವವರ ಅರ್ಥ ಇನ್ನೊಂದು. ಹೆಸರು ಅಕ್ಷರದಲ್ಲಿ ಇದ್ದದ್ದರಿಂದ ಇದು ಆಯಿತು.

ಆಂಧ್ರದ ಚುಂಡೂರಿನಲ್ಲಿ 1991ರ ಆಗಸ್ಟ್ 6ರಂದು ಎಂಟು ದಲಿತರನ್ನು ಕೊಂದರು. ಅವರನ್ನು ಊರ ನಡುವೆಯೇ ಮಣ್ಣು ಮಾಡಿ ಆ ಜಾಗವನ್ನು ರಕ್ತಕ್ಷೇತ್ರ ಅಂದರು. 2007ರಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ಕೊಟ್ಟಿತು. 2014ರಲ್ಲಿ ಹೈಕೋರ್ಟು ಎಲ್ಲರನ್ನೂ ಬಿಟ್ಟಿತು. ಕೊಲೆಯೂ ಅಪಘಾತವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕೋರ್ಟಿನ ಕಾಗದ ಮಾತು ಬದಲಿಸಿದ ಮೇಲೂ ಆ ನೆಲ ತನ್ನ ಸಾಕ್ಷಿ ಬದಲಿಸಿಲ್ಲ ಎಂಬುದಷ್ಟೇ ನನ್ನ ಮಾತು.

ನಮ್ಮ ಸೀಮೆಯಲ್ಲೇ ನೋಡಿ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಿದ್ದವರು ಮೂವರು. ಮೋಟೆಬೆನ್ನೂರಿನ ಮೈಲಾರ ಮಹಾದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಭಾಷಣದಲ್ಲಿ ಮೊದಲ ಹೆಸರು ಗಟ್ಟಿಯಾಗಿ ಕೇಳುತ್ತದೆ. ಉಳಿದೆರಡು ಹೆಸರು ಶಾಲೆಯ ಮಕ್ಕಳಿಗೆ ಬರುತ್ತವೆಯೆ, ಮಾಸ್ತರರೇ ಪರೀಕ್ಷೆ ಮಾಡಿ. 1980ರ ಜುಲೈ 21ರಂದು ನರಗುಂದದಲ್ಲಿ ಸತ್ತ ರೈತ ವೀರಪ್ಪ ಕಡ್ಲಿಕೊಪ್ಪರಿಗೆ ಜನ ನಿಲ್ಲಿಸಿದ ಕಲ್ಲನ್ನು ‘ವೀರಗಲ್ಲು’ ಎಂದೇ ಕರೆಯುತ್ತಾರೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಸಿದ್ಧಲಿಂಗಪ್ಪ ಚೂರಿ, ಪುಟ್ಟಪ್ಪ ಹೊನ್ನತ್ತಿ ಸತ್ತರು. ಈ ಕಲ್ಲುಗಳಿಗೆ, ಈ ದಿನಗಳಿಗೆ ಒಂದು ಶಕ್ತಿ ಇದೆ. ಯಾಕಂದ್ರೆ ಅವು ಯಾಕೆ ಸತ್ತರು ಎಂಬುದನ್ನು ಹೇಳುತ್ತವೆ. ನೀರಿನ ಕರದ ಮಾತು, ಗೊಬ್ಬರದ ಮಾತು ಆ ಹೆಸರಿಗೆ ಅಂಟಿಕೊಂಡಿದೆ.

7

ಹಾಗಾದರೆ ಕಲ್ಲು ನೆಟ್ಟರೆ ಎಲ್ಲ ಸರಿಯಾಗುತ್ತದೆಯೆ? ಇಲ್ಲ. ಕಲ್ಲು ಸುಳ್ಳನ್ನೂ ಹೇಳುತ್ತದೆ. ಇದನ್ನು ಮರೆಯಬಾರದು.

ವೀರಗಲ್ಲಿನ ಪಕ್ಕದಲ್ಲೇ ಮಾಸ್ತಿಗಲ್ಲು ನಿಂತಿದೆ. ಬಳೆ ತೊಟ್ಟ ಒಂದು ತೋಳು, ಕೈಯಲ್ಲಿ ಲಿಂಬೆಹಣ್ಣು. ಗಂಡ ಸತ್ತನೆಂದು ಬೆಂಕಿಗೆ ಬಿದ್ದ, ಅಥವಾ ಬೀಳಿಸಿದ ಹೆಣ್ಣಿನ ಕಲ್ಲು. ಅವಳು ಬೆಂಕಿಯಲ್ಲಿ ಕೂಗಿದ್ದನ್ನು ಯಾವ ಕಲ್ಲೂ ಬರೆದಿಲ್ಲ. ಕುಂಕುಮ ಹಚ್ಚಿ ದೇವಿ ಮಾಡಿದರು, ಕೊಂದವರು ಪಾರಾದರು. ವೀರಗಲ್ಲೂ ಅಷ್ಟೆ. ಒಡೆಯನ ಜಗಳಕ್ಕೆ ಸತ್ತ ಆಳಿಗೆ ಅಪ್ಸರೆಯರನ್ನು ತೋರಿಸಿ ಮುಂದಿನ ಆಳನ್ನು ಕಾಳಗಕ್ಕೆ ಹೊರಡಿಸಿತು. ಪೂಜೆ ಎಂಬುದು ಎಷ್ಟೋ ಸಲ ಬಾಯಿ ಮುಚ್ಚಿಸುವ ಬಟ್ಟೆ. ಆದ್ದರಿಂದ ನಮ್ಮ ಗೆಳೆಯರು ಹುಂಡಿಯ ಬಗ್ಗೆ ಹೇಳಿದ ಎಚ್ಚರಿಕೆಯನ್ನು ನಾನು ಒಪ್ಪುತ್ತೇನೆ.

ಆದರೆ ಅವರ ಔಷಧವನ್ನು ಒಪ್ಪುವುದಿಲ್ಲ. ಕಲ್ಲು ಕೀಳುವುದು ಔಷಧವಲ್ಲ, ಕಲ್ಲಿನ ಮೇಲೆ ಏನು ಬರೆಯುತ್ತೇವೆ ಎಂಬುದನ್ನು ಬದಲಿಸಬೇಕು.

ಇಂದಿನ ದಾರಿಬದಿಯ ಕಲ್ಲನ್ನು ಮತ್ತೊಮ್ಮೆ ಓದಿ. ಹೆಸರು, ಜನನ, ಮರಣ. ಕೆಲವದರಲ್ಲಿ ‘ವಿಧಿಯಾಟ’, ‘ದೈವಾಧೀನ’. ಸಾವಿರ ವರ್ಷದ ಹಿಂದಿನ, ಅಕ್ಷರ ಕಲಿಯದವನ ವೀರಗಲ್ಲೂ ‘ಯಾಕೆ ಸತ್ತ’ ಎಂದು ಬರೆಸಿಕೊಂಡಿತ್ತು. ಎಸ್ಸೆಸ್ಸೆಲ್ಸಿ ಓದಿದ ನಮ್ಮ ಹುಡುಗನ ಕಲ್ಲಿನಲ್ಲಿ ಆ ಸಾಲೇ ಇಲ್ಲ. ಆ ಒಂದು ಸಾಲನ್ನು ಕದ್ದವರು ಯಾರು?

ನಾವು ಆಡುವ ಮಾತಿನಲ್ಲೇ ಕಳ್ಳತನ ಇದೆ. “ಆಕ್ಸಿಡೆಂಟ್ ಆತು” ಅನ್ನುತ್ತೇವೆ. ಮಳೆ ಆತು, ರಾತ್ರಿ ಆತು ಅಂದಂತೆ. ಮಾಡಿದವರು ಯಾರೂ ಇಲ್ಲ, ತಾನೇ ಆಯಿತು. ಹೆದ್ದಾರಿ ಬದಿ ಲಾರಿ ನಿಲ್ಲಲು ಬೇರೆ ಜಾಗ ಯಾಕಿರಲಿಲ್ಲ? ಎರಡು ದಿನ ನಿದ್ದೆಗೆಟ್ಟ ಡ್ರೈವರನನ್ನು ಸ್ಟೇರಿಂಗಿಗೆ ಕೂರಿಸಿದವರು ಯಾರು? ಊರು ಒಂದು ಕಡೆ ಶಾಲೆ ಒಂದು ಕಡೆ ಇದ್ದಾಗ ಅಂಡರ್‌ಪಾಸ್ ಬೇಡ ಎಂದು ನಕ್ಷೆಯಲ್ಲಿ ಗೆರೆ ಎಳೆದವರು ಯಾರು? ಕೂಲಿಯವರನ್ನು ಗೂಡ್ಸ್ ಗಾಡಿಗೆ ತುಂಬಿದರೆ ಉಳಿಯುವ ದುಡ್ಡು ಯಾರ ಕಿಸೆಗೆ ಹೋಯಿತು? ಎಲ್ಲ ಸಾವಿಗೂ ಒಬ್ಬ ಖಳನಾಯಕ ಇರುತ್ತಾನೆ ಎಂದಲ್ಲ. ಕುಡಿದು ಓಡಿಸಿ ಸತ್ತವನೂ ಇದ್ದಾನೆ. ಹೆಲ್ಮೆಟ್ ಮನೆಯಲ್ಲಿಟ್ಟು ಹೋದವನೂ ಇದ್ದಾನೆ. ಅದನ್ನೂ ಬರೆಯೋಣ. ನಿಜ ಬರೆಯಲು ಹೆದರುವುದು ಯಾಕೆ?

8

ಅದಕ್ಕೇ ಒಂದು ಸಲಹೆ. ಇದನ್ನು ಓದುತ್ತಿರುವ ಹಳ್ಳಿಯ ಮಾಸ್ತರರಿಗೆ, ಕಾಲೇಜಿನ ಹುಡುಗ ಹುಡುಗಿಯರಿಗೆ, ಸಂಘಟನೆಯ ಗೆಳೆಯರಿಗೆ.

ನಿಮ್ಮ ಊರಿನ ಎರಡೂ ಕಡೆ ಐದು ಮೈಲಿ ನಡೆಯಿರಿ. ಎಷ್ಟು ಕಲ್ಲು ಇವೆ, ಯಾರವು ಎಂದು ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಕಲ್ಲಿಲ್ಲದೆ ಸತ್ತವರನ್ನು ಕೇರಿಯಲ್ಲಿ ಕೇಳಿ ಬರೆಯಿರಿ. ಹೆಸರು, ವಯಸ್ಸು, ಎಲ್ಲಿಗೆ ಹೊರಟಿದ್ದರು, ಏನು ಬಡಿಯಿತು, ಯಾಕೆ ಬಡಿಯಿತು, ಮನೆಗೆ ಏನು ಸಿಕ್ಕಿತು. ನಾಲ್ಕೈದು ಪುಟ ತುಂಬುವ ಹೊತ್ತಿಗೆ ಯಾವ ತಿರುವು ಜನರನ್ನು ತಿನ್ನುತ್ತಿದೆ ಎಂದು ನಿಮಗೇ ಕಾಣುತ್ತದೆ. ಹತ್ತು ಹೆಣ ಬೀಳುವ ತನಕ ಕಾಯಬೇಕಾಗಿಲ್ಲ. ಆ ಪಟ್ಟಿ ಹಿಡಿದು ಗ್ರಾಮಸಭೆಯಲ್ಲಿ ನಿಲ್ಲಿ, ಡಿ.ಸಿ. ಆಫೀಸಿಗೆ ಹೋಗಿ.

ಕಲ್ಲು ಟಾರು ರಸ್ತೆಯ ಅಂಚಿಗೇ ಬೇಡ. ಎಂಜಿನಿಯರರು ಹೇಳಿದ್ದು ನಿಜ, ಸತ್ತವರ ಕಟ್ಟೆ ಇನ್ನೊಬ್ಬರನ್ನು ಕೊಲ್ಲಬಾರದು. ಬಸ್ಸು ಕಾಯುವ ಜಾಗದಲ್ಲಿ ಕೂರಲು ಕಲ್ಲುಬೆಂಚು ಮಾಡಿ. ಕುಡಿಯುವ ನೀರಿನ ತೊಟ್ಟಿ ಮಾಡಿ. ಪಂಚಾಯ್ತಿ ಗೋಡೆಯ ಮೇಲೆ ಎಲ್ಲ ಜಾತಿಯ ಹೆಸರನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಒಂದರ ಕೆಳಗೊಂದು ಬರೆಸಿ. ಸುಮೈತಾಂಗಿ ನೆಟ್ಟವರು ನಮಗೆ ದಾರಿ ತೋರಿಸಿದ್ದಾರೆ. ಮಾರ್ಬಲ್ಲು ಬೇಡ, ಮಂಗಳಾರತಿ ಬೇಡ. ಆದರೆ ಆ ತಾಯಿ ಬಂದು ಒಂದು ಹೂ ಇಟ್ಟು ಹೋದರೆ ಅವಳ ಕೈ ಹಿಡಿಯಬೇಡಿ. ವಿಚಾರವಾದ ತಾಯಿಯ ಕೈಯಿಂದ ಶುರುವಾಗಬೇಕಾಗಿಲ್ಲ. ಗುತ್ತಿಗೆದಾರನ ಬಿಲ್ಲಿನಿಂದ ಶುರುವಾಗಲಿ.

ಇದೇ ತುಂಗಭದ್ರೆಯ ದಂಡೆಯ ಮೇಲೆ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ಅಂಬಿಗರ ಚೌಡಯ್ಯನ ಗದ್ದುಗೆ ಇದೆ. ಹನ್ನೆರಡನೆಯ ಶತಮಾನದವನು. ಜನರನ್ನು ಹೊಳೆ ದಾಟಿಸುವುದೇ ಅವನ ಕಾಯಕ. ದಾಟಿಸುವವನಿಗೆ ಒಂದು ಹೊಣೆ ಇರುತ್ತದೆ, ಹತ್ತಿದವರೆಲ್ಲ ಆಚೆ ದಡ ಮುಟ್ಟಬೇಕು. ಇವತ್ತು ನಾಲ್ಕು ಪಥದ ರಸ್ತೆಯೇ ನಮಗೆ ಹೊಳೆ. ಅದರ ದೋಣಿಯವರು ವಿಧಾನಸೌಧದಲ್ಲಿದ್ದಾರೆ, ದಿಲ್ಲಿಯಲ್ಲಿದ್ದಾರೆ, ಟೋಲ್ ಗೇಟಿನಲ್ಲಿ ಕೂತು ದುಡ್ಡು ಎಣಿಸುತ್ತಿದ್ದಾರೆ. ದಾಟುವಾಗ ಮುಳುಗಿದವರ ಹೆಸರು ಕೇಳಿದರೆ ಅವರ ಹತ್ತಿರ ಇಲ್ಲ.

ನಮ್ಮ ಹತ್ತಿರ ಇರಬೇಕು. ಹೆಸರು, ತಾರೀಖು, ಅದರ ಕೆಳಗೆ ಕದ್ದುಹೋದ ಆ ಒಂದು ಸಾಲು: ಯಾಕೆ ಸತ್ತ.